ಟಿಬೇಟಿನ ಕೊಟ್ಟಿಗೆಯ ಮಾತುಗಳು

ದೇವಾಲಯಗಳ ಸೇವೆಯಲ್ಲಿ, ಮಠಗಳ ಉತ್ಸವಗಳಲ್ಲಿ ಬೀಸುವ ಚಾಮರವನ್ನು ನಮ್ಮ ಓದುಗ ಬಂಧುಗಳೆಲ್ಲರೂ ಕಂಡವರೇ. ಬೆಳ್ಳಿಯ ಹಿಡಿಗೆ ಕಟ್ಟಿದ ಆ ನೀಳವಾದ ಬಿಳಿಯ ಕೂದಲು ಯಾವ ಪ್ರಾಣಿಯ ಬಾಲದ್ದೆಂದು ಕೇಳಿದರೆ ಮಾತ್ರ ಉತ್ತರ ಹೇಳುವವರು ವಿರಳ. ಸಂಸ್ಕೃತದ 'ಚಮರ', 'ಚಮರೀ' ಎಂಬ ಶಬ್ದಗಳು ಹಿಮಾಲಯದ ಎತ್ತರದಲ್ಲಿಯೂ ಅದರಾಚೆಯ ಟಿಬೇಟಿನಲ್ಲಿಯೂ ವಾಸಿಸುವ ಯಾಕ್ ಎಂಬ ದನದ ಹೆಸರುಗಳು. ಅದರ ಬಾಲದಿಂದಾದದ್ದು ಚಾಮರ. ಹಿಂದೆ ನಮ್ಮ ಹೆಣ್ಣುಮಕ್ಕಳು ಜಡೆಗೆ ಸೇರಿಸಿ ಹೆಣೆದುಕೊಳ್ಳುತ್ತಿದ್ದ ಚವರಿಯೂ ಅದೇ ಶಬ್ದದ ಮಗಳು. ನೇಪಾಳದವರು ಆ ಶಬ್ದವನ್ನು 'ಚೌಂರಿ' ಎಂದು ಉಳಿಸಿಕೊಂಡಿದ್ದಾರೆ. ಆದರೆ ಅವರ ಬಾಯಲ್ಲಿ ಅದು ಹೆಚ್ಚಾಗಿ ಹಾಲು ಕೊಡುವ ಮಿಶ್ರತಳಿಯ ಹೆಣ್ಣುದನಕ್ಕೆ ಸಲ್ಲುತ್ತದೆ. ಹೀಗೆ ಒಂದೇ ಶಬ್ದವು ಒಂದು ನಾಡಿನಲ್ಲಿ ದೇವರ ಸೇವೆಯ ಸಾಧನವಾಗಿ, ಇನ್ನೊಂದು ನಾಡಿನಲ್ಲಿ ಕರೆಯುವ ದನವಾಗಿ ನಿಂತಿದೆ.

ಯಾಕ್ ಎಂಬ ಮಾತಿನ ಕಥೆಯೂ ಹೀಗೆಯೇ. ಇಂಗ್ಲಿಷಿನ ಮೂಲಕ ಜಗತ್ತಿಗೆಲ್ಲ ಹಬ್ಬಿದ ಈ ಶಬ್ದವು ಟಿಬೇಟನ್ ಭಾಷೆಯದು. ಆದರೆ ಆ ಭಾಷೆಯಲ್ಲಿ ಯಾಕ್ ಎಂದರೆ ಗಂಡು ಮಾತ್ರ. ಹೆಣ್ಣಿಗೆ 'ಡ್ರಿ' ಎಂಬ ಬೇರೆಯ ಹೆಸರಿದೆ. ಎವರೆಸ್ಟಿನ ತಪ್ಪಲಿನ ಶೆರ್ಪಾ ಜನರು ಅದನ್ನೇ 'ನಾಕ್' ಎನ್ನುತ್ತಾರೆ. ಆದಕಾರಣ ಪತ್ರಿಕೆಗಳಲ್ಲಿ 'ಯಾಕಿನ ಹಾಲು', 'ಯಾಕಿನ ಬೆಣ್ಣೆ' ಎಂದು ಬರೆದದ್ದನ್ನು ಓದಿದರೆ ಟಿಬೇಟಿನವರಿಗೆ ನಗು ಬರುತ್ತದೆ. ಹೋರಿಯ ಹಾಲು ಕರೆದು ಬೆಣ್ಣೆ ಕಡೆದೆನೆಂದು ಯಾರಾದರೂ ನಮ್ಮ ಮುಂದೆ ಹೇಳಿದರೆ ನಮಗೆ ಹೇಗೋ ಅವರಿಗೂ ಹಾಗೆ. ನೇಪಾಳದ ಲಾಂಗ್‌ಟಾಂಗ್ ಕಣಿವೆಯಲ್ಲಿ 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ನೆರವಿನಿಂದ ಚೀಸ್ ತಯಾರಿಕೆ ಆರಂಭವಾಯಿತು. ಪ್ರವಾಸಿಗಳು ಅದನ್ನು 'ಯಾಕ್ ಚೀಸ್' ಎಂದೇ ಕೊಳ್ಳುತ್ತಾರೆ. ಅದು ಗಂಡಿನ ಹಾಲಿನದಲ್ಲವೆಂಬುದು ಸರಿಯೇ, ಬಹುಮಟ್ಟಿಗೆ ಶುದ್ಧ ಡ್ರಿಯ ಹಾಲಿನದೂ ಅಲ್ಲ. ಮೇಲೆ ಹೇಳಿದ ಚೌಂರಿಯದು. ಇನ್ನು ನಮ್ಮ ಕಡೆಯ ಮಕ್ಕಳಿಗೆ ಈ ಹೆಸರಿನಿಂದಾಗುವ ಮೋಜೇ ಬೇರೆ. "ಇದಕ್ಕ ಏನಂತಾರ?" "ಯಾಕ." "ಸುಮ್ನ ಕೇಳಿದೆ, ಹೇಳ್ರೆಲಾ!"

ಡ್ರಿ ಎಂಬ ಮಾತು ಬಲು ಕುತೂಹಲದ್ದು. ಟಿಬೇಟನ್ ಲಿಪಿಯಲ್ಲಿ ಬರೆಯುವುದೊಂದು, ನುಡಿಯುವುದೊಂದು. ಬರೆವಣಿಗೆಯಲ್ಲಿ 'ಬ್ರಿ' ಎಂದಿರುವುದು ಲಾಸಾದವರ ನಾಲಗೆಯಲ್ಲಿ 'ಡ್ರಿ' ಆಗಿದೆ. ಇದೇ ಕಾಗುಣಿತದ ಇನ್ನೊಂದು ಶಬ್ದಕ್ಕೆ 'ಬರೆಯುವುದು' ಎಂಬ ಅರ್ಥವಿದೆ. ಚೀನಾ ದೇಶದ ಮಹಾನದಿಯಾದ ಯಾಂಗ್‌ಟ್ಸೆಗೆ ಅದರ ಮೇಲ್ಭಾಗದಲ್ಲಿ ಟಿಬೇಟಿನವರು ಕರೆಯುವ ಹೆಸರು 'ಡ್ರಿ ಛು', ಎಂದರೆ ಹೆಣ್ಣು ಯಾಕಿನ ಹೊಳೆ. ಕಾಡಿನ ಯಾಕಿಗೆ 'ಡ್ರೋಂಗ್' ಎಂಬ ಪ್ರತ್ಯೇಕ ಹೆಸರು. ಎಮ್ಮೆಯೊಂದಕ್ಕೆ ಮಾತ್ರ ಅವರಲ್ಲಿ ಸ್ವಂತ ಹೆಸರಿಲ್ಲ. ಆ ಚಳಿಯ ನಾಡಿನಲ್ಲಿ ಎಮ್ಮೆ ಎಲ್ಲಿಯದು? ಸಂಸ್ಕೃತದ ಮಹಿಷವನ್ನೇ ಕಡ ತಂದು 'ಮಹೆ' ಎಂದುಕೊಂಡಿದ್ದಾರೆ. ಅದೇ ಮಹಿಷನ ಹೆಸರು ಹೊತ್ತ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಅವರ ಸಾವಿರಾರು ಕುಟುಂಬಗಳು ನೆಲೆಸಿರುವುದು ಕಾಲದ ವಿನೋದ.

ಆದರೆ ನಾವು ಈ ಲೇಖನದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಇನ್ನೊಂದು ದನದ ವಿಷಯ. ಯಾಕಿಗೂ ನಮ್ಮ ಆಕಳ ಬಳಗದ ದನಕ್ಕೂ ಹುಟ್ಟಿದ ಮಿಶ್ರಸಂತಾನವನ್ನು ಟಿಬೇಟಿನಲ್ಲಿ 'ದ್ಜೊ' ಎನ್ನುತ್ತಾರೆ. ಹೆಣ್ಣಾದರೆ 'ದ್ಜೊಮೊ'. ನಾಲಗೆಯ ತುದಿಯನ್ನು ಹಲ್ಲಿಗೆ ತಾಗಿಸಿ ಹೇಳಬೇಕಾದ ಈ ದನಿಗೆ ಕನ್ನಡದಲ್ಲಿ ಅಕ್ಷರವಿಲ್ಲ. ಸುಮ್ಮನೆ 'ಜೊಮೊ' ಎಂದು ಬರೆದರೆ ಅನರ್ಥವಾದೀತು. ಏಕೆಂದರೆ ಆ ಭಾಷೆಯಲ್ಲಿ ಜೊಮೊ ಎಂದರೆ ಒಡತಿ, ಗೌರವಸ್ಥ ಹೆಂಗಸು, ಸನ್ಯಾಸಿನಿ. ಎವರೆಸ್ಟ್ ಶಿಖರಕ್ಕೆ ಅವರಿಟ್ಟ ಜೊಮೊಲಾಂಗ್ಮಾ ಎಂಬ ಹೆಸರಿನ ಮೊದಲಲ್ಲಿರುವುದು ಈ ಜೊಮೊ. ಇಂಗ್ಲಿಷರ ಪಾಡು ಇನ್ನೂ ಕೆಟ್ಟದ್ದು. ಅವರ ನಿಘಂಟುಗಳಲ್ಲಿ ದ್ಜೊ ಎಂಬ ಒಂದೇ ಶಬ್ದಕ್ಕೆ ಐದಾರು ಬಗೆಯ ಕಾಗುಣಿತಗಳಿವೆ, ಅದರಲ್ಲಿ 'ಝೊ' ಎಂಬುದೂ ಒಂದು. ಟಿಬೇಟನ್ ಬರೆವಣಿಗೆಯಲ್ಲಿ ಝೊ ಎಂದರೆ ಮೊಸರು! ಲಾಸಾದಲ್ಲಿ ಬೇಸಗೆಯಲ್ಲಿ ನಡೆಯುವ ಪ್ರಸಿದ್ಧವಾದ ಶೊತೊನ್ ಹಬ್ಬದ ಹೆಸರಿಗೆ ಮೊಸರಿನ ಔತಣವೆಂದೇ ಅರ್ಥ. ದನವನ್ನು ಹುಡುಕಿ ಹೊರಟವನಿಗೆ ಮೊಸರು ಸಿಕ್ಕಂತಾಯಿತು, ನಷ್ಟವೇನೂ ಇಲ್ಲವೆನ್ನಿ.

ಈ ಮಿಶ್ರತಳಿಯು ಇಂದಿನದಲ್ಲ. 13ನೆಯ ಶತಮಾನದಲ್ಲಿ ಆ ಕಡೆಯಿಂದ ಹಾದುಹೋದ ಮಾರ್ಕೊ ಪೋಲೊ ಇದನ್ನು ಗಮನಿಸಿ, ಕೆಲಸಕ್ಕೆ ಇಂಥ ದನ ಬೇರೊಂದಿಲ್ಲವೆಂಬ ಅಭಿಪ್ರಾಯವನ್ನು ಬರೆದಿಟ್ಟಿದ್ದಾನೆ. 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದರ ಪ್ರಾಚೀನತೆಯನ್ನು ಇನ್ನೂ ಹಿಂದಕ್ಕೊಯ್ದಿದೆ. ದಕ್ಷಿಣ ಟಿಬೇಟಿನ ಬಂಗ್ಗಾ ಎಂಬ ಪ್ರಾಚೀನ ನೆಲೆಯಲ್ಲಿ ದೊರೆತ, ಸುಮಾರು 2,500 ವರ್ಷಗಳಷ್ಟು ಹಳೆಯ ಮೂಳೆಗಳನ್ನು ವಂಶವಾಹಿಗಳ ಮೂಲಕ ಪರೀಕ್ಷಿಸಿದ ವಿಜ್ಞಾನಿಗಳು, ಆ ಕಾಲಕ್ಕಾಗಲೇ ಅಲ್ಲಿ ಸಾಕಿದ ಯಾಕೂ ಆಕಳೂ ಒಟ್ಟಿಗಿದ್ದುವೆಂದೂ ಅವುಗಳ ಮಿಶ್ರಸಂತಾನದ ಕುರುಹುಗಳೂ ಇವೆಯೆಂದೂ ಕಂಡುಕೊಂಡಿದ್ದಾರೆ.

ದ್ಜೊ ಏತಕ್ಕೆ ಬೇಕಾಯಿತೆಂಬುದನ್ನು ಒಕ್ಕಲುತನದ ಮನೆಗಳವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಯಾಕ್ ಮೂರು ಸಾವಿರ ಮೀಟರಿಗೂ ಮೇಲಿನ ಚಳಿಯ ಪ್ರಾಣಿ. ಸೆಕೆಯನ್ನು ತಾಳದು, ಸ್ವಭಾವದಲ್ಲಿ ಮೊಂಡು. ಅದರ ಹೆಣ್ಣು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಈಯುತ್ತದೆ, ಹಾಲು ದಪ್ಪ, ಆದರೆ ಅಳತೆ ಕಡಿಮೆ. ಆಕಳಿಗಾದರೋ ಅಷ್ಟು ಎತ್ತರದ ತೆಳುವಾದ ಗಾಳಿ ಒಗ್ಗುವುದಿಲ್ಲ. ಇವೆರಡರ ನಡುವಣ ಎತ್ತರದಲ್ಲಿ, ಬಾರ್ಲಿ ಬೆಳೆಯುವ ಕಣಿವೆಗಳಲ್ಲಿ, ದ್ಜೊ ಅರಸನಂತೆ ಬಾಳುತ್ತದೆ. ಮೈಕಟ್ಟಿನಲ್ಲಿ ತಾಯಿ ತಂದೆ ಇಬ್ಬರನ್ನೂ ಮೀರಿಸುತ್ತದೆ, ನೇಗಿಲಿಗೆ ಕಟ್ಟಿದರೆ ಸಾಧುವಾಗಿ ನಡೆಯುತ್ತದೆ. ದ್ಜೊಮೊ ಡ್ರಿಗಿಂತ ಸುಮಾರು ಇಮ್ಮಡಿ ಹಾಲು ಕೊಡುತ್ತದೆ. ಆ ಹಾಲಿನ ಕೊಬ್ಬು ನಮ್ಮ ಎಮ್ಮೆಯ ಹಾಲಿಗೆ ಹತ್ತಿರ ಬರುತ್ತದೆ. ಲಡಾಖಿನ ಹೊಲಗಳಲ್ಲಿ ಸಂಪ್ರದಾಯದಂತೆ ಉಳುತ್ತಿದ್ದುದು ಜೋಡಿ ದ್ಜೊಗಳೇ. ಎವರೆಸ್ಟಿನ ದಾರಿಯಲ್ಲಿ ಲುಕ್ಲಾದಿಂದ ಹೊರೆ ಹೊತ್ತು ಹೊರಡುವ ದನಗಳನ್ನು ಪ್ರವಾಸಿಗಳು ಯಾಕ್ ಎಂದು ಚಿತ್ರ ತೆಗೆದುಕೊಳ್ಳುತ್ತಾರೆ; ಅವು ಹೆಚ್ಚಿನಂಶ ಶೆರ್ಪಾಗಳು 'ಜೊಪ್ಕ್ಯೊ' ಎನ್ನುವ ಮಿಶ್ರತಳಿಯ ಎತ್ತುಗಳು.

ತಂದೆ ಯಾವುದು, ತಾಯಿ ಯಾವುದು ಎಂಬುದಕ್ಕೂ ಹೆಸರುಗಳಿವೆ. ಡ್ರಿಯ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಶೆರ್ಪಾಗಳು 'ದಿಮ್ಜೊ' ಎಂದೂ ಆಕಳ ಹೊಟ್ಟೆಯಲ್ಲಿ ಹುಟ್ಟಿದ್ದನ್ನು 'ಉರಾಂಗ್' ಎಂದೂ ಬೇರೆ ಮಾಡುತ್ತಾರೆ. ಮಂಗೋಲಿಯದವರು ಈ ಮಿಶ್ರದನಕ್ಕೆ 'ಹೈನಗ್' ಎಂದು ಹೆಸರಿಟ್ಟು, ತಾಯಿಯ ಭೇದವನ್ನು ಸೂಚಿಸಲು ಒಂದನ್ನು ಸೂರ್ಯನ ಹೈನಗ್, ಇನ್ನೊಂದನ್ನು ಚಂದ್ರನ ಹೈನಗ್ ಎಂದು ಕರೆದಿರುವುದು ನಮಗೆ ತುಂಬ ಮನೋಹರವಾಗಿ ಕಂಡಿತು. ದನದ ವಂಶಾವಳಿಗೆ ಸೂರ್ಯಚಂದ್ರರನ್ನು ತಂದು ನಿಲ್ಲಿಸಿದ ಜನರ ಕಣ್ಣು ಸಾಮಾನ್ಯವಾದುದಲ್ಲ.

ಈ ಹೆಸರುಗಳಲ್ಲಿ ಹಲವನ್ನು ನಾವು ಪುಸ್ತಕಗಳಿಂದ ಕಲಿತದ್ದು ಹಿಂದಿನಿಂದ. ಮೊದಲು ಕೇಳಿದ್ದು ಮುಂಡಗೋಡದ ಒಬ್ಬ ವೃದ್ಧರ ಬಾಯಿಂದ. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದ ಬಳಿ 1966ರಿಂದ ಟಿಬೇಟನ್ ನಿರಾಶ್ರಿತರ ವಸತಿಯಿದೆ. ನಮ್ಮ ಊರು ಹಾನಗಲ್ಲಿನ ಕಡೆಯದಾದ್ದರಿಂದ ಅಲ್ಲಿನ ಕ್ಯಾಂಪುಗಳಿಗೂ ನಮಗೂ ಕೊಡುಕೊಳ್ಳುವ ವ್ಯವಹಾರ ಹಳೆಯದು. ಆ ವೃದ್ಧರು ಗೋವಿನಜೋಳದ ಹೊಟ್ಟಿಗಾಗಿ ನಮ್ಮ ಮನೆಗೆ ಬರುತ್ತಿದ್ದರು. 1959ರಲ್ಲಿ ತರುಣರಾಗಿ ಗಡಿ ದಾಟಿದವರು, ಹಿಮಾಚಲದ ರಸ್ತೆಗಳಲ್ಲಿ ಕಲ್ಲು ಒಡೆದು ಕೊನೆಗೆ ಈ ಮಲೆಯಂಚಿನ ಕಾಡಿಗೆ ಬಂದು ನೆಲೆಸಿದವರು. ನಮ್ಮ ಕಡೆಯ ಕನ್ನಡವನ್ನು ನಮ್ಮಂತೆಯೇ ಆಡುತ್ತಿದ್ದರು. ನಮ್ಮ ಮನೆಯವರು ಅವರಿಗೆ ಅಜ್ಜಾರ ಎನ್ನುವರು, ಅವರು ನಮ್ಮ ಮನೆಯವರಿಗೆ ಅಕ್ಕಾರ ಎನ್ನುವರು. ವಯಸ್ಸಿನ ಲೆಕ್ಕ ಕೂಡದಿದ್ದರೂ ಸಂಬಂಧ ಕೂಡಿತ್ತು.

ಶಿಗಾಚೆಯ ಕಡೆಯ ತಮ್ಮ ಹುಟ್ಟೂರಿನ ಜನರನ್ನು ಅವರು 'ಸಮಾಡ್ರೋಕ್' ಎಂದು ಹೇಳಿಕೊಳ್ಳುತ್ತಿದ್ದರು. ಹೊಲದವರೂ ಅಲ್ಲ, ಹುಲ್ಲುಗಾವಲಿನವರೂ ಅಲ್ಲ. ಎಂದರೆ ಎರಡನ್ನೂ ನಡೆಸುವ ಒಕ್ಕಲು. ಒಂದಿಷ್ಟು ಬಾರ್ಲಿಯ ಹೊಲ, ಒಂದಿಷ್ಟು ಮಂದೆ. ದ್ಜೊ ಹುಟ್ಟುವುದೇ ಇಂಥವರ ಮನೆಯಲ್ಲಿ. ಪೂರಾ ಅಲೆಮಾರಿಗೆ ಆಕಳು ದಕ್ಕದು, ಪೂರಾ ಬೇಸಾಯಗಾರನಿಗೆ ಯಾಕ್ ದಕ್ಕದು. ಒಂದು ಸಂಜೆ ಹೊಟ್ಟಿನ ಚೀಲ ಕಟ್ಟುತ್ತ ಅವರು ಒಂದೊಂದೇ ಹೆಸರು ಹೇಳಿದರು. ಆಗ ಹೈಸ್ಕೂಲಿನಲ್ಲಿದ್ದ ನಮ್ಮ ಮಗಳು ನೋಟುಬುಕ್ಕಿನಲ್ಲಿ ಎಡಗಡೆ ಅವರ ಮಾತು, ಬಲಗಡೆ ನಮ್ಮ ಮಾತು ಎಂದು ಬರೆದುಕೊಳ್ಳುತ್ತ ಹೋದಳು. ಕರುವಿಗೆ 'ಬೆಉ', ಆಕಳಿಗೆ 'ಬಾ', ಎತ್ತಿಗೆ 'ಲಾಂಗ್'. ಒಂದು ತಾಸಿನಲ್ಲಿ ಎರಡು ಪುಟ ತುಂಬಿದುವು. ಬಹುಪಾಲು ಹೆಸರುಗಳಿಗೆ ಬಲಗಡೆ ಜೋಡಿ ಸಿಕ್ಕಿತು. ದ್ಜೊ, ದ್ಜೊಮೊಗಳ ಬಲಗಡೆ ಮಾತ್ರ ಖಾಲಿ ಉಳಿಯಿತು.

ನಮ್ಮ ಭಾಷೆಯಲ್ಲಿ ಅಂಥ ಶಬ್ದವೇ ಇಲ್ಲವೆಂದಲ್ಲ. ಕುದುರೆಗೂ ಕತ್ತೆಗೂ ಹುಟ್ಟಿದ್ದಕ್ಕೆ ಹೇಸರಗತ್ತೆ ಎಂಬ ಹೆಸರಿದೆ. ಸಂಸ್ಕೃತದಲ್ಲಿ ಅದು ವೇಸರ; ಕಲ್ಯಾಣದ ಚಾಲುಕ್ಯರ ದೇವಾಲಯಗಳನ್ನು ವರ್ಣಿಸುವಾಗ ವಿದ್ವಾಂಸರು ಬಳಸುವ, ನಾಗರ ದ್ರಾವಿಡಗಳೆರಡೂ ಬೆರೆತ ವೇಸರ ಶೈಲಿಯ ಹೆಸರಿಗೂ ಇದೇ ಮೂಲವೆಂದು ಕೆಲವರ ಅಭಿಪ್ರಾಯ. ಆದರೆ ದನದಲ್ಲಿ ನಮ್ಮ ಹಿರಿಯರು ಜಾತಿ ಬೆರೆಸಿದವರಲ್ಲ. ಬೇಕಾಗಿರಲಿಲ್ಲ, ಆದ್ದರಿಂದ ಹೆಸರೂ ಹುಟ್ಟಲಿಲ್ಲ.

ಈಗ ಪ್ರಕೃತಿಯ ಒಂದು ಕಠಿಣ ನಿಯಮವನ್ನು ಹೇಳಬೇಕು. ದ್ಜೊಮೊಗೆ ಕರುಗಳಾಗುತ್ತವೆ, ದ್ಜೊಗೆ ಆಗುವುದಿಲ್ಲ. ಯಾಕಿಗೂ ಆಕಳಿಗೂ ವರ್ಣತಂತುಗಳ ಸಂಖ್ಯೆ ಒಂದೇ, ಅರುವತ್ತು. ಆದರೂ ಮಿಶ್ರಸಂತಾನದ ಗಂಡಿನಲ್ಲಿ ವೀರ್ಯಾಣುಗಳ ಬೆಳವಣಿಗೆ ನಡುವೆಯೇ ನಿಂತುಹೋಗುತ್ತದೆ. ಎರಡು ಬೇರೆ ಕುಲಗಳ ಸಂತಾನದಲ್ಲಿ ಒಂದು ಲಿಂಗ ಮಾತ್ರ ಬಂಜೆಯಾಗುವುದಾದರೆ ಅದು ಎರಡು ಬಗೆಯ ಲಿಂಗತಂತುಗಳುಳ್ಳ ಲಿಂಗವೇ ಆಗಿರುತ್ತದೆಂದು 1922ರಲ್ಲಿ ಜೆ.ಬಿ.ಎಸ್. ಹಾಲ್ಡೇನರು ಸೂತ್ರರೂಪದಲ್ಲಿ ಹೇಳಿದರು. ದನಗಳಲ್ಲಿ ಅದು ಗಂಡು. ಮುಂದೆ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ ಇಲ್ಲಿಯವರೇ ಆಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಮಹನೀಯರು ಅವರು. ಟಿಬೇಟಿನ ದನಗಾಹಿಗಳಿಗೆ ಸೂತ್ರ ಗೊತ್ತಿರಲಿಲ್ಲ, ಸಂಗತಿ ಗೊತ್ತಿತ್ತು. ದ್ಜೊವನ್ನು ಬೀಜಕ್ಕೆ ಇಟ್ಟುಕೊಳ್ಳುವ ಆಸೆಯನ್ನು ಅವರು ಎಂದೂ ಇಟ್ಟುಕೊಂಡವರಲ್ಲ. ನೊಗಕ್ಕೂ ಹೊರೆಗೂ ಅದನ್ನು ಮೆಚ್ಚಿ ಸಾಕಿದರು. ಪ್ರತಿ ಸಲವೂ ಹೊಸದಾಗಿ ಯಾಕನ್ನೂ ಆಕಳನ್ನೂ ಕೂಡಿಸಿಯೇ ದ್ಜೊ ಪಡೆಯಬೇಕು.

ಹಾಗಾದರೆ ದ್ಜೊಮೊದ ಕರು? ಅದಕ್ಕೂ ಹೆಸರಿದೆ: 'ತೋಲ್', ಹೆಣ್ಣಾದರೆ 'ತೋಲ್ಮೊ'. ಲಡಾಖಿನವರು 'ಸ್ತೋಲ್', 'ಸ್ತೋಲ್ಮೊ' ಎನ್ನುತ್ತಾರೆ. ಮೊದಲ ಪೀಳಿಗೆಯ ಕಸುವು ಈ ಎರಡನೆಯದಕ್ಕೆ ಬರುವುದಿಲ್ಲ. ಮೈ ಸಣ್ಣದು, ಹಾಲು ಕಡಿಮೆ, ಚಳಿಗೆ ತಡೆಯದು, ಗಂಡಾದರೆ ಅದೂ ಬಂಜೆ. ಆದಕಾರಣ ಅನೇಕ ಕಡೆ ತೋಲ್ ಕರುವಿಗೆ ಹಾಲು ಬಿಡದೆ, ಅದು ತಾನಾಗಿ ಸಾಯಲೆಂದು ಬಿಟ್ಟುಬಿಡುವ ರೂಢಿಯಿತ್ತು. ದ್ಜೊಮೊದ ಹಾಲು ಅಷ್ಟು ಬೆಲೆಯುಳ್ಳದ್ದು. ವೃದ್ಧರು ಇದನ್ನು ಮುಚ್ಚಿಡದೆ ಹೇಳಿದರು. ನಮ್ಮ ಮಗಳು ಪೆನ್ನು ನಿಲ್ಲಿಸಿ ಅವರ ಮುಖ ನೋಡಿದಳು.

"ಹೆಸರಿತ್ತ ತಂಗಿ, ಹಾಲಿರಲಿಲ್ಲ" ಎಂದರು.

ಅವರ ತಾಯಿ ಚಿಕ್ಕವಳಿದ್ದಾಗ ಒಂದು ತೋಲ್ಮೊ ಕರುವನ್ನು ಚಮರಿಯ ಕೂದಲ ಕಂಬಳಿಯಡಿ ಬಚ್ಚಿಟ್ಟು, ತನ್ನ ಪಾಲಿನ ಮಜ್ಜಿಗೆಯಲ್ಲಿ ಹುರಿಹಿಟ್ಟು ಕಲಸಿ ಕುಡಿಸಿ ಬದುಕಿಸಿದಳಂತೆ. ಮನೆಯ ಹಿರಿಯರು ಕಂಡು ಗದರಿದಾಗ ಅವಳಂದದ್ದು ಒಂದೇ ಮಾತು: ಇದೂ 'ಸೆಮ್‌ಚೆನ್'. ಈ ಶಬ್ದವನ್ನು ಸ್ವಲ್ಪ ನಿಂತು ನೋಡಬೇಕು. ಆಡುಮಾತಿನಲ್ಲಿ ಸೆಮ್‌ಚೆನ್ ಎಂದರೆ ಪ್ರಾಣಿ, ದನಕರು. ಅಕ್ಷರಶಃ ಬಿಡಿಸಿದರೆ ಮನಸ್ಸುಳ್ಳದ್ದು. ಧರ್ಮಗ್ರಂಥಗಳಲ್ಲಿ ಅದೇ ಶಬ್ದಕ್ಕೆ ಸಕಲ ಜೀವರಾಶಿ ಎಂಬ ಅರ್ಥ, ಮನುಷ್ಯನೂ ಅದರಲ್ಲಿ ಸೇರಿದವನು. ಸಂತೆಯಲ್ಲಿ ದನವೆಂಬ ಅರ್ಥದಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತನ್ನು ಆ ಹುಡುಗಿ ಅದರ ಪೂರ್ತಿ ಅರ್ಥದಲ್ಲಿ ಆಡಿದಳು. ಹಿರಿಯರು ಸುಮ್ಮನಾದರು. ಆ ತೋಲ್ಮೊ ಎಂಟು ವರ್ಷ ಬದುಕಿತ್ತೆಂದೂ ಹಾಲು ಮಾತ್ರ ಒಂದು ಬಟ್ಟಲನ್ನು ದಾಟಲಿಲ್ಲವೆಂದೂ ವೃದ್ಧರು ನಕ್ಕರು.

ಅವರು ಹೀಗೆ ಹೇಳುತ್ತಿದ್ದಾಗ ನಮ್ಮ ಕೊಟ್ಟಿಗೆಯಲ್ಲಿ ಒಂದು ಗಂಡುಕರು ನಿಂತಿತ್ತು. 1990ರ ದಶಕದ ನಡುವಿನ ಮಾತು. ಊರಿಗೆ ಹಾಲಿನ ಡೇರಿ ಬಂದು, ಮನೆಮನೆಯಲ್ಲಿ ಆಕಳುಗಳಿಗೆ ಇಂಜೆಕ್ಷನ್ ಮಾಡಿಸುವುದು ರೂಢಿಯಾಗಿತ್ತು. ನಮ್ಮ ಜವಾರಿ ಆಕಳಿಗೂ ಮಾಡಿಸಿ, ಎಚ್.ಎಫ್. ರಕ್ತದ ಕಪ್ಪು ಬಿಳುಪಿನ ಮಣಕವೊಂದು ಹುಟ್ಟಿ, ಅದು ಈದ ಗಂಡು ಇದು. ಹೆಣ್ಣಾಗಿದ್ದರೆ ಮನೆಗೆ ಹಬ್ಬ. ಗಂಡಾದರೆ ಏನು ಮಾಡುವುದು? ಡುಬ್ಬವಿಲ್ಲ, ನೊಗ ನಿಲ್ಲುವುದಿಲ್ಲ, ಬಿಸಿಲೇರಿದರೆ ಏದುತ್ತದೆ. ಕಾರಹುಣ್ಣಿಮೆಯ ದಿನ ಎತ್ತುಗಳಿಗೆ ಕೋಡು ಹೆರೆದು ಬಣ್ಣ ಹಚ್ಚಿ ಗೆಜ್ಜೆ ಕಟ್ಟುವಾಗ ಇದರ ಸರದಿ ಬರಲೇ ಇಲ್ಲ. ಹೋರಿ ಎನ್ನಲು ಮೆರವಣಿಗೆಗಾಗದು, ಎತ್ತು ಎನ್ನಲು ಹೊಲಕ್ಕಾಗದು, ಬಸವ ಎನ್ನಲು ಯಾರ ಬಾಯೂ ಏಳಲಿಲ್ಲ. ವೃಷಭವೇ ಬಸವವಾದದ್ದು, ನಮ್ಮ ನಾಡಿನಲ್ಲಿ ಆ ಹೆಸರಿಗಿರುವ ತೂಕವನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕೆ? ಊರೆಲ್ಲ ಇಂಥ ಕರುವನ್ನು 'ಎಚ್ಚೆಪ್ಪಿನ ಗಂಡು' ಎನ್ನುತ್ತಿತ್ತು. ಅದೊಂದು ಹೆಸರಲ್ಲ, ಲೆಕ್ಕ. ಲಾಸಾದ ಕಣಿವೆಯಲ್ಲಿ ಮಿಶ್ರತಳಿಯ ಗಂಡೇ ಹೊಲದ ಬೆನ್ನೆಲುಬು; ನಮ್ಮಲ್ಲಿ ಅದೇ ಗಂಡು ಯಾರಿಗೂ ಬೇಡವಾದದ್ದು. ಈಗಂತೂ ಹೆಣ್ಣು ಕರುವೇ ಹುಟ್ಟುವಂತೆ ಮೊದಲೇ ಬೇರ್ಪಡಿಸಿದ ವೀರ್ಯವೂ ಬಂದಿದೆಯಾದ್ದರಿಂದ ಆ ಪ್ರಶ್ನೆಯನ್ನೇ ಬೇರಿನಲ್ಲಿ ಕಿತ್ತಂತಾಗಿದೆ. ಅದು ಒಳ್ಳೆಯದೋ ಕೆಟ್ಟದ್ದೋ ನಾವು ತೀರ್ಪು ಕೊಡಲು ಹೋಗುವುದಿಲ್ಲ. ಹಾಲಿನ ದುಡ್ಡಿನಿಂದ ಮಕ್ಕಳನ್ನು ಓದಿಸಿದ ಮನೆ ನಮ್ಮದು.

ನಿಮ್ಮ ಭಾಷೆಯಲ್ಲಿ ಇದನ್ನು ದ್ಜೊ ಎನ್ನಬಹುದೇ ಎಂದು ಮಗಳು ಕೇಳಿದಳು. ವೃದ್ಧರು ಕರುವಿನ ಕತ್ತು ತುರಿಸುತ್ತ ತಲೆಯಲ್ಲಾಡಿಸಿದರು. ಯಾಕಿನ ರಕ್ತವಿಲ್ಲದೆ ದ್ಜೊ ಇಲ್ಲ. ಎರಡೂ ಕಡೆ ಆಕಳ ಕುಲವೇ ಆದರೆ ಅದು ಬರಿಯ 'ಬಾ'. "ನಿಮ್ದೂ ನಿಮ್ದೂ ಕೂಡಿದ್ದಕ್ಕ ನಾ ಹೆಂಗ ಹೆಸರಿಡ್ಲಿ ಅಕ್ಕಾರ?" ಎಂದು ನಮ್ಮ ಮನೆಯವರ ಕಡೆ ತಿರುಗಿದರು. ನಮ್ಮ ಮನೆಯವರು ಅಲ್ಲಿಯವರೆಗೆ ಒಳಗೆ ರೊಟ್ಟಿ ಬಡಿಯುತ್ತಿದ್ದವರು ಹೊರಬಂದು, "ಇರ್ಲಿ ಬಿಡ್ರಿ ಅಜ್ಜಾರ, ಅದಕ್ಕ ಸೋಮ್ಯಾ ಅಂತ ನಾನ ಕರಿತೀನಿ" ಎಂದರು. ಸೋಮವಾರ ಹುಟ್ಟಿದ ಕರು. ಅದು ನಮ್ಮಲ್ಲಿ ಹನ್ನೊಂದು ವರ್ಷ ಇತ್ತು. ಗೊಬ್ಬರ ಬಿಟ್ಟರೆ ಮತ್ತೇನೂ ಕೊಡಲಿಲ್ಲ. ಅದರ ಮೇವಿನ ಲೆಕ್ಕ ಹೇಳಿ ನಮ್ಮನ್ನು ಹಾಸ್ಯ ಮಾಡಿದವರಿಗೂ ಕೊರತೆಯಿರಲಿಲ್ಲ.

ದನ ಮತ್ತು ಧನದ ಮಾತು ಬಂದದ್ದರಿಂದ ಇನ್ನೊಂದು ಶಬ್ದವನ್ನು ಹೇಳಲೇಬೇಕು. ಸಂಸ್ಕೃತದ ಧನವೇ ನಮ್ಮಲ್ಲಿ ದನವಾಯಿತೆಂದು ಪಂಡಿತರು ಹೇಳುತ್ತಾರೆ. ಟಿಬೇಟನ್ ಭಾಷೆಯಲ್ಲಿಯೂ ಅಕ್ಷರಶಃ ಹೀಗೆಯೇ. 'ನೋರ್' ಎಂದರೆ ಲಾಸಾದಲ್ಲಿ ಸಂಪತ್ತು. ಪೂರ್ವದ ಖಾಮ್, ಆಮ್ಡೊ ಪ್ರಾಂತಗಳ ದನಗಾಹಿಗಳಲ್ಲಿ ಅದೇ ನೋರ್ ಎಂದರೆ ಯಾಕುಗಳ ಮಂದೆ. ಜಾನುವಾರಿಗೆ 'ಛುಕ್' ಎಂಬ ಇನ್ನೊಂದು ಮಾತಿದೆ, ಸಿರಿವಂತನಿಗೆ 'ಛುಕ್ಪೊ'. ಮುಂಡಗೋಡದಲ್ಲಾಗಲಿ ಬೈಲಕುಪ್ಪೆಯಲ್ಲಾಗಲಿ ಹತ್ತು ಜನರನ್ನು ಕೇಳಿದರೆ ಒಬ್ಬನ ಹೆಸರಾದರೂ ನೋರ್ಬು ಎಂದಿರುತ್ತದೆ. ರತ್ನವೆಂದು ಅರ್ಥ, ಅದರೊಳಗೂ ಇದೇ ನೋರ್. 1953ರಲ್ಲಿ ಎವರೆಸ್ಟನ್ನೇರಿದ ತೇನ್‌ಸಿಂಗ್ ನೋರ್ಗೆಯವರ ಹೆಸರಿನ ಎರಡನೆಯ ಪದಕ್ಕೆ ಸಂಪತ್ತು ವೃದ್ಧಿಸಿದವನೆಂದು ಅರ್ಥ. ಅವರ ತಂದೆ ಯಾಕ್ ಕಾಯುತ್ತಿದ್ದವರು. ಹಿಮಾಲಯದ ಆಚೆಗೂ ಕೃಷ್ಣೆಯ ಈಚೆಗೂ, ಒಂದಕ್ಕೊಂದು ಸಂಬಂಧವಿಲ್ಲದ ಭಾಷೆಗಳಲ್ಲಿ, ಹಟ್ಟಿಯನ್ನು ನೋಡಿಯೇ ಜನರು ಹಣವನ್ನು ಎಣಿಸಿದ್ದಾರೆ.

'ಲಾಂಗ್' ಎಂಬ ಮಾತಿನ ಓಡಾಟ ಇದಕ್ಕೂ ದೊಡ್ಡದು. ಎತ್ತು ಎಂಬುದು ಅದರ ನಿತ್ಯದ ಅರ್ಥ. ರಾಶಿಚಕ್ರದಲ್ಲಿ ಅದು ವೃಷಭ. ದೊಡ್ಡದೆಂಬ ವಿಶೇಷಣ ಸೇರಿಸಿ 'ಲಾಂಗ್‌ಚೆನ್' ಎಂದರೆ ಆನೆ. ಆನೆಯನ್ನೇ ಕಾಣದ ನಾಡು ಅದನ್ನು ಹಿರಿಯೆತ್ತು ಎಂದು ಅಳೆದುಕೊಂಡಿತು. ಕೈಲಾಸ ಯಾತ್ರೆ ಮಾಡಿದ ನಮ್ಮ ಬಂಧುಗಳು ಅಲ್ಲಿಯ ದಾರಿಯಲ್ಲಿ ಹೊರೆ ಹೊರುವ ಯಾಕುಗಳನ್ನು ಕಂಡಿರುತ್ತಾರೆ. ಆ ಸೀಮೆಯಲ್ಲಿ ಹುಟ್ಟುವ ಸತಲಜ್ ನದಿಗೆ ಟಿಬೇಟಿನವರು ಇಟ್ಟ ಹೆಸರು 'ಲಾಂಗ್‌ಚೆನ್ ಖಬಾಬ್', ಆನೆಯ ಬಾಯಿಂದ ಇಳಿದದ್ದು. 9ನೆಯ ಶತಮಾನದಲ್ಲಿ ಬೌದ್ಧಧರ್ಮವನ್ನು ಹಿಂಸಿಸಿದನೆಂದು ಪರಂಪರೆ ದೂರುವ ದೊರೆಯನ್ನು ಚರಿತ್ರೆಯು ಲಾಂಗ್‌ದರ್ಮಾ, ಎತ್ತು ದರ್ಮಾ, ಎಂದೇ ನೆನೆಯುತ್ತದೆ. ಜನರು ಅವನಿಗೆ ತಲೆಗೂದಲೊಳಗೆ ಕೋಡುಗಳಿದ್ದುವೆಂದೂ ಕಥೆ ಕಟ್ಟಿದರು. ಎತ್ತು ಎಂದು ಬೈಯುವುದು ನಮ್ಮಲ್ಲಿಯೂ ಉಂಟು. ದುಡಿಯುವ ಪ್ರಾಣಿಗೆ ಎಲ್ಲ ಕಡೆಯಲ್ಲಿಯೂ ಇದೇ ಸಂಭಾವನೆ.

ಇಷ್ಟೆಲ್ಲ ಬೆರಕೆಯ ಮಾತಾಡಿದ ಆ ಭಾಷೆಯಲ್ಲಿ ಮಿಶ್ರವಾದುದನ್ನು ಹೀಯಾಳಿಸುವ ಶಬ್ದವೂ ಇದೆ, ಆದರೆ ಅದನ್ನು ದ್ಜೊದಿಂದ ಮಾಡಿಕೊಂಡಿಲ್ಲವೆಂಬುದನ್ನು ನಾವು ವಿಶೇಷವಾಗಿ ಗಮನಿಸಿದ್ದೇವೆ. ಆ ಶಬ್ದ 'ರಾಮಲುಕ್'. ರಾ ಎಂದರೆ ಆಡು, ಲುಕ್ ಎಂದರೆ ಕುರಿ, ನಡುವೆ ಅಲ್ಲವೆಂಬ ಮಕಾರ. ಆಡೂ ಅಲ್ಲದ ಕುರಿಯೂ ಅಲ್ಲದ ಎಡಬಿಡಂಗಿ. ಲಾಸಾದಲ್ಲಿ ಟಿಬೇಟನ್ನಿಗೆ ಚೀನೀ ಮಾತುಗಳನ್ನು ಬೆರೆಸಿ ಆಡುವವರ ನುಡಿಯನ್ನು ರಾಮಲುಕ್ ಭಾಷೆ ಎಂದು ಜರೆಯುತ್ತಾರೆ. ಆಡಿಗೂ ಕುರಿಗೂ ಮರಿ ಹುಟ್ಟುವುದು ಬಲು ಅಪರೂಪ, ಬೈಗುಳಕ್ಕೆ ಅದೇ ಸರಿ. ಯಾಕಿಗೂ ಆಕಳಿಗೂ ಹುಟ್ಟಿದ್ದು ಮಾತ್ರ ಮನೆಗೆ ಬೆಳಕು. ಅದರ ಹೆಸರನ್ನು ಬೈಗುಳಕ್ಕೆ ಕೊಡಲು ಅವರಿಗೆ ಮನಸ್ಸಾಗಿಲ್ಲ.

ವೃದ್ಧರಿಗೆ ಕೊನೆಕೊನೆಗೆ ಇದೇ ಕೊರಗಾಗಿತ್ತು. ಮಗ ಕೆನಡಾ ಸೇರಿದ. ಮೊಮ್ಮಕ್ಕಳು ಇಲ್ಲಿಯೇ ವಸತಿಯ ಶಾಲೆಯಲ್ಲಿ ಟಿಬೇಟನ್ ಓದು ಬರಹ ಚೆನ್ನಾಗಿ ಕಲಿತವರು, ವ್ಯಾಕರಣದಲ್ಲಿ ಅಜ್ಜನನ್ನೇ ತಿದ್ದುವವರು. ಆದರೆ ಡ್ರಿ, ದ್ಜೊ, ದ್ಜೊಮೊ, ತೋಲ್ಮೊ ಎಲ್ಲವೂ ಅವರಿಗೆ ಯಾಕ್. "ಪುಸ್ತಕದಾಗ ಚಿತ್ರ ಒಂದ ಐತಿ, ಅದಕ್ಕ ಹೆಸರೂ ಒಂದ" ಎನ್ನುತ್ತಿದ್ದರು. ಅವರು ಮನೆಯಲ್ಲಿ ಆಡುವ, ಕನ್ನಡ ಹಿಂದಿ ಇಂಗ್ಲಿಷು ಬೆರೆತ ಮಾತನ್ನು ರಾಮಲುಕ್ ಎಂದು ಗದರುವರು. ಮರುಗಳಿಗೆಯಲ್ಲಿ ನಮ್ಮೊಡನೆ ಮಾತಾಡುವಾಗ ಅವರ ವಾಕ್ಯದಲ್ಲಿಯೂ ಮೂರು ಭಾಷೆಗಳಿರುತ್ತಿದ್ದುವು. ಒಮ್ಮೆ ನಾವು ಅದನ್ನು ಎತ್ತಿ ತೋರಿಸಿದಾಗ ಗಹಗಹಿಸಿ ನಕ್ಕು, "ಇದು ರಾಮಲುಕ್ ಅಲ್ಲ ಗೌಡ್ರ, ದ್ಜೊ! ಹೊಲಾ ಉಳತೈತಿ" ಎಂದರು.

ಲಾಹೂಲಿನ ಕೇಲಾಂಗ್‌ನಲ್ಲಿ ಪಾದ್ರಿಯಾಗಿದ್ದ ಯೆಶ್ಕೆ ಎಂಬ ಜರ್ಮನ್ ಪಂಡಿತರು ಕಟ್ಟಿದ ಟಿಬೇಟನ್ ನಿಘಂಟು 1881ರಲ್ಲಿ ಅಚ್ಚಾಯಿತು. ನಮ್ಮ ಕಿಟ್ಟೆಲ್ಲರ ಕನ್ನಡ ನಿಘಂಟು 1894ರಲ್ಲಿ. ಇಬ್ಬರೂ ಪರದೇಶದವರು, ಇಬ್ಬರೂ ಕೊಟ್ಟಿಗೆಯ ಮಾತುಗಳನ್ನು ಕಡೆಗಣಿಸದೆ ದಾಖಲಿಸಿದವರು. ಆದ್ದರಿಂದ ದ್ಜೊ ಎಂಬ ಶಬ್ದ ಭೂಮಿಯಿಂದ ಅಳಿಯುವುದಿಲ್ಲ. ಒಂದು ಮನೆಯಿಂದ ಅಳಿಯುವುದು ಬೇರೆ ಮಾತು.

ವೃದ್ಧರು 2019ರ ಚಳಿಗಾಲದಲ್ಲಿ ತೀರಿಕೊಂಡರು. ಅವರ ಹಿರಿಯ ಮೊಮ್ಮಗಳು ಈಗ ಬೆಂಗಳೂರಿನಲ್ಲಿ ನರ್ಸ್ ಆಗಿದ್ದಾಳೆ. ಕಳೆದ ವರ್ಷ ಲೋಸರ್ ಹಬ್ಬಕ್ಕೆ ಕ್ಯಾಂಪಿಗೆ ಬಂದವಳು ನಮ್ಮ ಮನೆಗೂ ಬಂದು, ಆ ನೋಟುಬುಕ್ಕಿನ ಎರಡು ಪುಟಗಳನ್ನು ಕೇಳಿ ಜೆರಾಕ್ಸ್ ಮಾಡಿಸಿಕೊಂಡು ಹೋದಳು. ತಿಂಗಳಾದ ಮೇಲೆ ಒಂದು ಸಂಜೆ ಫೋನು ಮಾಡಿದಳು. ಎಡಗಡೆಯ ಸಾಲನ್ನು ಟಿಬೇಟನ್ ಅಕ್ಷರಗಳಲ್ಲಿ ಕಾಗುಣಿತ ತಿದ್ದಿ ಬರೆದಿದ್ದಾಳಂತೆ. ತೋಲ್ಮೊ ಎಂಬುದರ ಮುಂದೆ, ಬಲಗಡೆಯ ಸಾಲಿನಲ್ಲಿ, ನಮ್ಮ ಮಗಳು 'ಮಜ್ಜಿಗೆ ಕುಡಿದ ಮಣಕ' ಎಂದು ಬರೆದಿದ್ದಳು.

"ಆಂಟಿ, ಮಣಕ ಅಂದ್ರೆ ಏನು?" ಎಂದು ಅವಳು ನಮ್ಮ ಮನೆಯವರನ್ನು ಕೇಳುತ್ತಿದ್ದಳು. ಪಕ್ಕದಲ್ಲಿ ಕುಳಿತು ಮೊಬೈಲು ನೋಡುತ್ತಿದ್ದ ನಮ್ಮ ಮೊಮ್ಮಗನೂ ತಲೆಯೆತ್ತಿ, ಉತ್ತರಕ್ಕಾಗಿ ಅಜ್ಜಿಯ ಮುಖ ನೋಡಿದ.